ಗಜನಿ ಬಾಗಿಲು ಮತ್ತು ಕೆಂಪು ಸಮುದ್ರ

ಅಂಕೋಲೆ
11 ಜೂನ್ 2025

ಪ್ರೀತಿಯ ದೀಪಾಲಿ,

ನಗಬೇಡ. ನಿನ್ನ ವೈನಿ ನಲವತ್ಮೂರನೆಯ ವಯಸ್ಸಿಗೆ ಬಿ.ಎ. ಸೇರಿದ್ದಾಳೆ. ಮುಕ್ತ ವಿಶ್ವವಿದ್ಯಾಲಯದ ಪಠ್ಯಗಳು ಬಂದು ಒಂದು ವಾರವಾಯಿತು. ಇತಿಹಾಸದ್ದನ್ನು ಇನ್ನೂ ಬಿಚ್ಚಿಲ್ಲ. ಜಾಗತಿಕ ರಾಜಕಾರಣದ್ದನ್ನು ಮಾತ್ರ ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಸೊಸೈಟಿಯ ಕೌಂಟರಿನ ಹಿಂದೆ, ಎಲ್ಲೆಂದರಲ್ಲಿ ಓದುತ್ತಿದ್ದೇನೆ. ಮೊನ್ನೆ ನಮ್ಮ ಪಕ್ಕದ ಗದ್ದೆಯ ತಿಮ್ಮಿ ಅಕ್ಕ ಸೊಸೈಟಿಗೆ ಬಂದಾಗ, ಭದ್ರತಾ ಮಂಡಳಿಯಲ್ಲಿ ಐದೇ ದೇಶಗಳಿಗೆ ‘ಆಗದು’ ಎನ್ನುವ ಹಕ್ಕಿದೆ, ಅವುಗಳಲ್ಲಿ ಒಂದು ಕೈ ಎತ್ತಿದರೆ ಉಳಿದವರೆಲ್ಲ ಸೇರಿದರೂ ಏನೂ ಮಾಡಲಾಗದು ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ನಮ್ಮನೆಲಿ ಆ ಹಕ್ಕು ನಮ್ಮತ್ತೆ ಒಬ್ಬಳಿಗೇ ಇತ್ತು. ದನದ ಹಿಂಡಿ ಬಂದದ್ಯಾ?” ಎಂದಳು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಅಣ್ಣ ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಟ್ಟುಬಿಡುತ್ತಾರೆ. ಆರಾಮವೇ, ಊಟವಾಯಿತೇ, ಅಲ್ಲಿ ಸೆಕೆಯೇ ಎನ್ನುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಮಧ್ಯಾಹ್ನ ಸೊಸೈಟಿಗೆ ಜನ ಬರುವುದು ಕಡಿಮೆ. ಇಲ್ಲಿನ ಕಂಪ್ಯೂಟರಿನಿಂದ ಮೇಲ್ ಮಾಡುತ್ತೇನೆ. ನೀನೂ ಹಳೆಯ ಕಾಲದ ಪತ್ರದ ಹಾಗೆ ಉದ್ದಕ್ಕೆ ಬರೆ.

ಕೇಳಬೇಕಾದ್ದು ಇದು. ಒಂದು ಸಣ್ಣ ದೇಶವನ್ನು ಆರಿಸಿಕೊಂಡು ಅದಕ್ಕೆ ಎಷ್ಟು ಶಕ್ತಿಯಿದೆ, ಎಲ್ಲಿಂದ ಬಂತು ಎಂದು ಪ್ರಬಂಧ ಬರೆಯಬೇಕು. ಉಳಿದವರೆಲ್ಲ ನೇಪಾಳ, ಭೂತಾನ ಎಂದರು. ನಾನು ಜಿಬೂಟಿ ಎಂದೆ. ಇಡೀ ತರಗತಿಯಲ್ಲಿ ಜಿಬೂಟಿಯಲ್ಲಿ ನಾದಿನಿ ಇರುವವಳು ನಾನೊಬ್ಬಳೇ ಅಲ್ಲವೇ! ಕಿಟಕಿಯಿಂದ ಏನು ಕಾಣುತ್ತದೆ, ಅಲ್ಲಿಂದಲೇ ಶುರುಮಾಡು.

ಇನ್ನೊಂದು ಸಣ್ಣ ವಿಷಯ. ಹೊಳೆಬದಿಯ ಗಜನಿ ಗದ್ದೆಗಳ ದಂಡೆಯ ಮೇಲೆ ನಿನ್ನ ಮತ್ತು ನಿನ್ನ ಅಣ್ಣನ ಹೆಸರಿನಲ್ಲಿ ಉಳಿದಿರುವ ಆ ಕೆಸರಿನ ತುಂಡು ಇದೆಯಲ್ಲ, ನೀರಿನ ಬಾಗಿಲು ಇರುವ ಜಾಗ, ಅದನ್ನು ಕೊಳ್ಳಲು ಕಾರವಾರದಿಂದ ದೇವಾನಂದ ಎಂಬ ಸೀಗಡಿ ಕಂತ್ರಾಟುದಾರರು ಬಂದಿದ್ದಾರೆ. ಕಾಳು ಬೆಳೆಯದ ಜಾಗಕ್ಕೆ ಒಳ್ಳೆಯ ಗದ್ದೆಯ ಬೆಲೆ ಕೊಡುತ್ತಾರಂತೆ. ಎಂಥ ಪುಣ್ಯಾತ್ಮರು ನೋಡು. ನಿನ್ನ ಅಣ್ಣನಿಗೆ ಬಿಣಗಾದ ಕಾರ್ಖಾನೆಯ ಪಾಳಿ ಸಾಕಾಗಿದೆ, ಹೆದ್ದಾರಿ ಪಕ್ಕ ಒಂದು ಊಟದ ಹೋಟೆಲ್ ಹಾಕುವ ಕನಸು ಕಾಣುತ್ತಿದ್ದಾರೆ. ಅಧಿಕಾರಪತ್ರ ಕಳಿಸುತ್ತಾರೆ, ಸಹಿ ಮಾಡಿಬಿಡು.

ನಿನ್ನ ವೈನಿ,
ಭಾರತಿ

ಜಿಬೂಟಿ
17 ಜೂನ್ 2025

ಪ್ರೀತಿಯ ವೈನಿ,

ನಗಲಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನನ್ನ ಗಂಡ ಭರತ ಬಂದರಿನಿಂದ ಮನೆಗೆ ಬಂದವರು ಶೂ ಬಿಚ್ಚುವ ಮೊದಲೇ ಕೇಳಬೇಕಾಯಿತು.

ನನ್ನ ಕಿಟಕಿಯಿಂದ ಕಾಣುವುದು ಧೂಳು, ಆಮೇಲೆ ಕ್ರೇನು, ಆಮೇಲೆ ಸಮುದ್ರ. ನಮ್ಮ ಏಜೆನ್ಸಿಯವರು ಬಂದ ಹಡಗಿಗೆ ಕುಡಿಯುವ ನೀರು, ತರಕಾರಿ, ಕಾಯಿಲೆಯಾದವರಿಗೆ ಡಾಕ್ಟರು, ಎಲ್ಲವನ್ನೂ ಹೊಂದಿಸುತ್ತೇವೆ. ಈ ದೇಶ ನಮ್ಮ ಉತ್ತರ ಕನ್ನಡ ಜಿಲ್ಲೆಯ ಎರಡರಷ್ಟಿದೆ, ಅಷ್ಟೇ. ವರ್ಷವಿಡೀ ಹರಿಯುವ ಒಂದು ನದಿಯಿಲ್ಲ. ಟೊಮೆಟೊ ಕೂಡ ಇಥಿಯೋಪಿಯದಿಂದ ಬರಬೇಕು. ಆದರೂ ಅಮೆರಿಕ, ಫ್ರಾನ್ಸ್, ಜಪಾನ್, ಇಟಲಿ, ಚೀನಾ, ಐದೂ ದೇಶಗಳ ಸೈನ್ಯ ಇಲ್ಲಿ ಬೀಡುಬಿಟ್ಟಿದೆ, ಬಾಡಿಗೆ ಕೊಟ್ಟು! ಬೇರೆ ಕಡೆ ಒಬ್ಬರ ಮುಖ ಒಬ್ಬರು ನೋಡದವರು ಇಲ್ಲಿ ಒಂದೇ ಅಂಗಡಿಯಲ್ಲಿ ಸಾಲಾಗಿ ನಿಂತು ಬಾಳೆಹಣ್ಣು ಕೊಳ್ಳುತ್ತಾರೆ.

ಏಕೆ ಅಂದರೆ ಜಾಗ. ಮೇಲುಗಡೆ ಬಾಬ್ ಎಲ್ ಮಂದೆಬ್ ಎಂಬ ಜಲಸಂಧಿ ಇದೆ. ತೀರಾ ಕಿರಿದಾದಲ್ಲಿ ಅಂಕೋಲೆಯಿಂದ ಕಾರವಾರಕ್ಕೆ ಇರುವಷ್ಟೇ ಅಗಲ. ನಮ್ಮ ಕಡೆಯಿಂದ ಯುರೋಪಿಗೆ ಹೋಗುವ ಹಡಗು ಆ ಸಂದಿಯಲ್ಲೇ ನುಸುಳಬೇಕು. ಆಚೆ ದಡದ ಯೆಮೆನಿನಿಂದ ಕೆಲವರು ಕ್ಷಿಪಣಿ ಹಾರಿಸಲು ಶುರುಮಾಡಿದ ಮೇಲೆ ದೊಡ್ಡ ದೊಡ್ಡ ಕಂಪನಿಗಳ ಹಡಗುಗಳೂ ಇಡೀ ಆಫ್ರಿಕವನ್ನು ಸುತ್ತಿಕೊಂಡು ಹೋಗುತ್ತಿವೆ. ಅವರ ಹತ್ತಿರ ವಿಮಾನವಾಹಕ ನೌಕೆ ಇಲ್ಲ, ಭದ್ರತಾ ಮಂಡಳಿಯಲ್ಲಿ ಕುರ್ಚಿ ಇಲ್ಲ. ಸಂದಿಯ ಪಕ್ಕದಲ್ಲಿ ಮನೆ ಇದೆ. ಬರೆದುಕೊಳ್ಳಿ ವೈನಿ, ಒಳ್ಳೆಯ ಅಂಕ ಸಿಗುತ್ತದೆ.

ಆ ತುಂಡಿನ ವಿಷಯ ಅಣ್ಣನಿಗೂ ನಿಮಗೂ ಸರಿ ಅನಿಸಿದಂತೆ ಆಗಲಿ. ನನ್ನದೇನಿದೆ? ನಮ್ಮ ಕಡೆ ಮದುವೆಯಾಗಿ ಹೋದ ತಂಗಿ ಆಸ್ತಿಯ ಮಾತೆತ್ತಿದರೆ ಏನಾಗುತ್ತದೆಂದು ಗೊತ್ತಿದೆ. ನನ್ನ ಜೊತೆ ಓದಿದ ರಕ್ಷಿತಾ ಪಾಲು ಕೇಳಿದ ವರ್ಷದಿಂದ ಅವಳ ಅಣ್ಣ ಚೌತಿಗೆ ಕರೆದಿಲ್ಲ. ಬಸ್ಸು ತವರಿನ ಮುಂದೆ ಹಾದುಹೋಗುವಾಗ ಅವಳು ಆಚೆ ಕಿಟಕಿಯತ್ತ ತಿರುಗಿ ಕೂರುತ್ತಾಳಂತೆ. ನನಗೆ ಬಹಳ ವರ್ಷಗಳ ಮೇಲೆ ಈ ಸಲ ಚೌತಿಗೆ ರಜೆ ಸಿಕ್ಕಿದೆ. ಗಣಪತಿಯ ಮೇಲೆ ಹಣ್ಣು-ಕಾಯಿಯ ಫಲಾವಳಿ ಕಟ್ಟುವ ದಿನಕ್ಕೇ ಬಂದು ಮುಟ್ಟಬೇಕು ಅಂತ ಆಸೆ. ಅಣ್ಣ ಕರೆಯುವುದೊಂದು ಬಾಕಿ.

ದೀಪಾಲಿ

ಅಂಕೋಲೆ
24 ಜೂನ್ 2025

ದೀಪಾಲಿ, ಸಹಿ ಮಾಡಬೇಡ!

ಉಸಿರು ಬಿಡದೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಂಡು ಓದು. ಭಾನುವಾರ ಕಾರವಾರದಲ್ಲಿ ತರಗತಿ ಇತ್ತು. ಹೊರಗೆ ಮಳೆ ಸುರಿಯುತ್ತಿತ್ತು, ಒಳಗೆ ಎಲ್ಲರ ಮೊಬೈಲಿನಲ್ಲೂ ಇರಾನಿನ ಯುದ್ಧದ್ದೇ ಸುದ್ದಿ. ಹೊರ್ಮುಜ್ ಜಲಸಂಧಿ ಮುಚ್ಚುತ್ತಾರಂತೆ, ಪೆಟ್ರೋಲು ಏರುತ್ತದಂತೆ. ಮಂದಾಕಿನಿ ಮೇಡಂ ಪಾಠ ಬದಿಗಿಟ್ಟು ಹಲಗೆಯ ತುಂಬಾ ನಕ್ಷೆ ಬರೆದರು. ಹೊರ್ಮುಜ್, ಮಲಕ್ಕಾ, ಸೂಯೆಜ್, ನಿನ್ನ ಬಾಬ್ ಎಲ್ ಮಂದೆಬ್. ಒಂದೊಂದಕ್ಕೂ ಕೆಂಪು ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು ಹೇಳಿದರು, ಈ ಕಡೆಯ ಸಮುದ್ರ ಎಷ್ಟು ದೊಡ್ಡದಿದ್ದರೇನು, ಆ ಕಡೆಯ ದೇಶ ಎಷ್ಟು ಶ್ರೀಮಂತವಾಗಿದ್ದರೇನು, ಎರಡು ಗೆರೆಯ ನಡುವಿನ ಜಾಗ ಯಾರ ಕೈಯಲ್ಲಿದೆಯೋ ಅವರನ್ನು ಕೇಳಿಯೇ ಎಲ್ಲರೂ ನಡೆಯಬೇಕು.

ನಾನು ಎದ್ದು ನಿಂತುಬಿಟ್ಟೆ. “ಮೇಡಂ, ಇದು ನಮ್ಮ ಗಜನಿ ಬಾಗಿಲು” ಎಂದೆ. ಬೆಂಗಳೂರು ಕಡೆಯಿಂದ ಬಂದ ಮೇಡಂಗೆ ಅರ್ಥವಾಗಲಿಲ್ಲ. ಅಲ್ಲೇ ವಿವರಿಸಿದೆ. ಸಮುದ್ರದ ಭರತ, ಅಂದರೆ ಉಬ್ಬರ, ಏರಿದಾಗ ಉಪ್ಪುನೀರು ಹೊಳೆಯೊಳಗೆ ನುಗ್ಗುತ್ತದೆ, ಹೊಳೆಗೆ ಅಂಟಿಕೊಂಡಿರುವ ತಗ್ಗಿನ ಗದ್ದೆಯೇ ಗಜನಿ, ನಡುವೆ ಮಣ್ಣಿನ ದಂಡೆ, ದಂಡೆಯಲ್ಲೊಂದು ಹಲಗೆಯ ಬಾಗಿಲು. ಮಳೆಗಾಲದಲ್ಲಿ ಭರತ ಬರುವಾಗ ಹಲಗೆ ಇಳಿಸಬೇಕು, ಇಳಿತದಲ್ಲಿ ಎತ್ತಿ ಮಳೆನೀರು ಬಿಡಬೇಕು. ಆಗ ನಮ್ಮ ಕಗ್ಗ ತಳಿಯ ಭತ್ತ ಬದುಕುತ್ತದೆ. ಕೊಯ್ಲಾದ ಮೇಲೆ ಬಾಗಿಲು ತೆರೆದಿಟ್ಟರೆ ಮೀನು, ಸೀಗಡಿ. ಹುಲಿಯಾ ಮಾವ ಎತ್ತಿ ಇಳಿಸುವ ಆ ನಾಲ್ಕು ಹಲಗೆಯ ಮೇಲೆ ಊರಿನ ಅಷ್ಟೂ ಮನೆಯ ಗದ್ದೆ ನಿಂತಿದೆ!

ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು. ದೇವಾನಂದರು ಪುಣ್ಯಾತ್ಮರಲ್ಲ. ಅವರು ಕೊಳ್ಳುತ್ತಿರುವುದು ಕೆಸರಲ್ಲ, ಹೊರ್ಮುಜ್! ವರ್ಷವಿಡೀ ಬಾಗಿಲು ತೆರೆದಿಟ್ಟು ಸೀಗಡಿ ಬೆಳೆದರೆ ಕೇಳುವವರು ಯಾರು? ತಿಮ್ಮಿ ಅಕ್ಕನ ಗದ್ದೆ, ನಮ್ಮ ಗದ್ದೆ, ಎಲ್ಲ ಉಪ್ಪು. ಬಸ್ಸಿನಲ್ಲಿ ಅಮದಳ್ಳಿ ದಾಟುವವರೆಗೂ ಪಕ್ಕದವಳಿಗೆ ಇದನ್ನೇ ಹೇಳಿದೆ, ಪಾಪ, ಅವಳು ಎದ್ದು ಹೋಗಿ ಹಿಂದೆ ನಿಂತಳು.

ಕಾಗದ ಬಂದಿದ್ದರೆ ಹಾಗೇ ಇಟ್ಟುಕೋ. ನಿನ್ನ ಅಣ್ಣನಿಗೆ ಇನ್ನೂ ಏನೂ ಹೇಳಿಲ್ಲ.

ವೈನಿ

ಜಿಬೂಟಿ
27 ಜೂನ್ 2025

ವೈನಿಯವರಿಗೆ,

ತಮ್ಮ ಪತ್ರ ತಲುಪಿತು. ರಾಯಭಾರ ಕಚೇರಿಯಲ್ಲಿ ಸಹಿ ಮಾಡಿ ಸೋಮವಾರವೇ ಕೊರಿಯರ್ ಮಾಡಿಯಾಗಿದೆ. ಈ ಹೊತ್ತಿಗೆ ಅಣ್ಣನ ಕೈ ಸೇರಿರಬೇಕು.

ಹನ್ನೊಂದಕ್ಕೆ ಸಹಿ ಮಾಡು ಎಂದಿರಿ, ಇಪ್ಪತ್ನಾಲ್ಕಕ್ಕೆ ಮಾಡಬೇಡ ಎಂದಿರಿ. ಬೆಲೆ ಏರಿಸುವುದಕ್ಕೆ ‘ತಂಗಿ ಒಪ್ಪುತ್ತಿಲ್ಲ’ ಎಂದು ಹೇಳಿಸಬೇಕಾಗಿದ್ದರೆ ಮೊದಲೇ ತಿಳಿಸಬಹುದಿತ್ತು. ನಿಮ್ಮ ವ್ಯವಹಾರದಲ್ಲಿ ನನಗೆ ಆಸಕ್ತಿ ಇಲ್ಲ.

ಅಣ್ಣ ಚೌತಿಯ ವಿಷಯ ಏನಾದರೂ ಹೇಳಿದನೇ?

ದೀಪಾಲಿ

ಅಂಕೋಲೆ
3 ಜುಲೈ 2025

ಪ್ರೀತಿಯ ದೀಪಾಲಿ,

‘ತಮ್ಮ’, ‘ವೈನಿಯವರಿಗೆ’ ಎಂದೆಲ್ಲ ಬರೆದದ್ದು ನೋಡಿ ನಗು ಬಂತು. ಬಿ.ಎ. ಸೇರಿದ ಮಾತ್ರಕ್ಕೆ ಇಷ್ಟು ಮರ್ಯಾದೆಯೇ? ಪಾಸಾಗುವವರೆಗಾದರೂ ತಡೆದುಕೋ.

ಕಾಗದ ಬಂದಿದೆ, ದೇವರ ಫೋಟೋದ ಹಿಂದೆ ಇದೆ. ನೋಂದಣಿ ಶ್ರಾವಣದಲ್ಲಿ ಅಂತೆ. ಅಂದರೆ ನಮಗೆ ಸಮಯವಿದೆ! ಸೊಸೈಟಿಗೆ ಬರುವ ವಕೀಲರನ್ನು ಹೆಸರು ಹೇಳದೆ ವಿಚಾರಿಸಿದೆ. ಕೊಟ್ಟ ಅಧಿಕಾರವನ್ನು ಕೊಟ್ಟವರೇ ಹಿಂದಕ್ಕೆ ತೆಗೆದುಕೊಳ್ಳಬಹುದಂತೆ. ನಿನ್ನದೊಂದು ಸಹಿ ಸಾಕು, ಮಾರಾಟ ನಿಂತಲ್ಲೇ ನಿಲ್ಲುತ್ತದೆ. ಭದ್ರತಾ ಮಂಡಳಿಯಲ್ಲಿ ಕೈ ಎತ್ತಿದ ಹಾಗೆ. ನೀನು ಎಲ್ಲೋ ಕೆಂಪು ಸಮುದ್ರದ ದಡದಲ್ಲಿ ಕೂತು ಅಂಕೋಲೆಯ ಗಜನಿಯನ್ನು ಉಳಿಸಬಲ್ಲೆ ಎಂದರೆ ಮೈ ಜುಂ ಎನ್ನುತ್ತದೆ.

ಒಂದೇ ಮಾತು. ನಾನು ಹೇಳಿಕೊಟ್ಟೆ ಎಂದು ಮಾತ್ರ ತಿಳಿಯುವುದು ಬೇಡ. ನಿನಗೇ ಹೊಳೆಯಿತು ಎಂದು ನಿನ್ನ ಅಣ್ಣನಿಗೆ ಬರೆದುಬಿಡು. ಕಾಗದ ಬಂದಾಗ ನಾನು ಏನೂ ಅರಿಯದವಳ ಹಾಗೆ ಇರುತ್ತೇನೆ. ಮನೆಯಲ್ಲಿ ಸುಮ್ಮನೆ ರಂಪ ಏಕೆ?

ನಿನ್ನ ವೈನಿ

ಜಿಬೂಟಿ
11 ಜುಲೈ 2025

ವೈನಿ,

ಈ ವಾರ ಕೆಂಪು ಸಮುದ್ರದಲ್ಲಿ ಎರಡು ಹಡಗು ಮುಳುಗಿದವು. ನಮ್ಮ ಆಫೀಸಿನ ಫೋನು ಕೆಳಗಿಡಲು ಬಿಡಲಿಲ್ಲ. ಹಡಗಿನ ಮಾಲೀಕರು ಒಂದು ದೇಶದವರು, ಬಾವುಟ ಇನ್ನೊಂದು ದೇಶದ್ದು, ಹೊಡೆದವರ ಬೆನ್ನಿಗಿರುವವರು ಮತ್ತೊಂದು ದೇಶದವರು. ನೀರಿಗೆ ಬಿದ್ದವರು ಮಾತ್ರ ಇವರಲ್ಲಿ ಯಾರಿಗೂ ಸೇರದ ಬಡಪಾಯಿ ನಾವಿಕರು. ಅವರ ಊರಿಂದ ಒಬ್ಬ ಹೆಂಗಸು ನಮ್ಮ ನಂಬರು ಹೇಗೋ ಹುಡುಕಿ ಫೋನು ಮಾಡಿ, ಅವರ ಜಗಳದಲ್ಲಿ ನಮ್ಮವನೇಕೆ ಎಂದು ಕೇಳಿದಳು.

ಫೋನಿಟ್ಟ ಮೇಲೆ ನಿಮ್ಮ ಪತ್ರ ಇನ್ನೊಮ್ಮೆ ಓದಿದೆ. ನಿಮ್ಮ ಪಠ್ಯದಲ್ಲಿ ಆ ಪಾಠ ಇನ್ನೂ ಬಂದಿಲ್ಲವೇ? ದೊಡ್ಡವರು ತಾವು ತಣ್ಣಗೆ ಕೂತು, ಸಣ್ಣವರನ್ನು ಮುಂದೆ ಬಿಟ್ಟು ಯುದ್ಧ ಮಾಡಿಸುವ ಪಾಠ? ನೀವು ನನಗೆ ಬರೆದದ್ದು ಅದನ್ನೇ. ಬಾಗಿಲು ಉಳಿದರೆ ಗದ್ದೆ ನಿಮ್ಮದು, ಮನೆ ನಿಮ್ಮದು, ಅಣ್ಣನ ಪಕ್ಕದ ಮಣೆ ನಿಮ್ಮದು. ತವರು ಹೋಗುವುದು ನನ್ನದು. ಇಷ್ಟು ವರ್ಷ ಆ ಮನೆಯಲ್ಲಿದ್ದೀರಿ, ಒಂದು ಸಲವಾದರೂ ಅಣ್ಣನ ಎದುರು ‘ನನಗೆ ಒಪ್ಪಿಗೆ ಇಲ್ಲ’ ಎಂದಿದ್ದೀರಾ?

ಗಜನಿಯ ಮೇಲೆ ನನಗೆ ಪ್ರೀತಿ ಇಲ್ಲ ಎಂದುಕೊಳ್ಳಬೇಡಿ. ಸಹಿ ಮಾಡಿದ ದಿನ ರಾಯಭಾರ ಕಚೇರಿಯ ಮೆಟ್ಟಿಲಲ್ಲಿ ಕೂತು ಅತ್ತಿದ್ದೇನೆ. ನಿಮಗೆ ಹೇಳಿರಲಿಲ್ಲ, ಅಷ್ಟೇ. ನೀವು ಮೊದಲು ಬಾಯಿ ಬಿಡಿ. ಆಮೇಲೆ ನನ್ನ ಕೈ ಎತ್ತಿಸುವ ಮಾತು.

ದೀಪಾಲಿ

ಅಂಕೋಲೆ
4 ಆಗಸ್ಟ್ 2025

ಪ್ರೀತಿಯ ದೀಪಾಲಿ,

ನಿನ್ನ ಪತ್ರ ಬಂದ ಮೇಲೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು, ಆಮೇಲೆ ಬರೆಯಲು ಮುಖವಿರಲಿಲ್ಲ. ಈಗ ಇದೆ. ಕೇಳು!

ಕಳೆದ ವಾರದ ಮಳೆಗೆ ದಂಡೆ ಒಂದು ಕಡೆ ಬಾಯಿಬಿಟ್ಟಿತು. ಮನೆಗೊಬ್ಬರಂತೆ ಮಣ್ಣು ಹಾಕಲು ಹೋಗುವುದು ರೂಢಿ ತಾನೇ. ಕೆಸರಿನಲ್ಲಿ ಇಳಿಯುವವರು ಹೆಂಗಸರು, ದಂಡೆಯ ಮೇಲೆ ನಿಂತು ಮಾತಾಡುವವರು ಗಂಡಸರು, ಅದೂ ರೂಢಿ. ನಿನ್ನ ಅಣ್ಣ ಮೇಲೆ ನಿಂತು ದೇವಾನಂದರ ವಿಷಯ ಹೇಳುತ್ತಿದ್ದರು. ಬಾಗಿಲು ಹೊಸದು ಮಾಡಿಸಿಕೊಡುತ್ತಾರೆ, ಎಲ್ಲರಿಗೂ ಅನುಕೂಲ ಎಂದೆಲ್ಲ. ಹುಲಿಯಾ ಮಾವ ತಲೆ ತಗ್ಗಿಸಿಕೊಂಡಿದ್ದ. ನಾನು ಮೊಣಕಾಲು ಕೆಸರಿನಲ್ಲಿ, ತಲೆಯ ಮೇಲೆ ಬುಟ್ಟಿ. ಬುಟ್ಟಿ ಇಳಿಸಲೂ ಇಲ್ಲ.

“ಈ ಬಾಗ್ಲು ಮಾರೂದು ನಂಗೆ ಒಪ್ಪಿಗೆ ಇಲ್ಲ” ಎಂದೆ.

ಎಲ್ಲರೂ ನನ್ನನ್ನೇ ನೋಡಿದರು. ನಿನ್ನ ಅಣ್ಣ ನನ್ನನ್ನು ಬಿಟ್ಟು ಸರಸರ ಮನೆಯತ್ತ ನಡೆದರು. ಮನೆಗೆ ಬಂದ ಮೇಲೆ ನಿನಗೇನು ತಿಳಿಯುತ್ತದೆ, ಅವನೊಬ್ಬ ಮಳ್ಳ ಕೆಸರಿಗೆ ಬಂಗಾರದ ಬೆಲೆ ಕೊಡುತ್ತಿದ್ದಾನೆ ಎಂದು ಕೂಗಾಡಿದರು. ನಾನು ನಕ್ಷೆ, ಜಲಸಂಧಿ ಏನೂ ಹೇಳಲಿಲ್ಲ. ಅವನು ಮಳ್ಳನೋ ಅಲ್ಲವೋ ನೋಡೋಣ, ಫೋನು ಮಾಡಿ, ದಂಡೆಯ ತುಂಡಿನ ಬದಲು ಪಕ್ಕದ ನಮ್ಮ ಗದ್ದೆಯನ್ನೇ ಅದೇ ಬೆಲೆಗೆ ಕೊಡುತ್ತೇವೆ ಎಂದು ಕೇಳಿ ಎಂದೆ. ಸುಮ್ಮನೆ ಕೇಳಿದ್ದು, ಕೊಡುವುದಕ್ಕಲ್ಲ. ನಿನ್ನ ಅಣ್ಣ ಫೋನು ಮಾಡಿದರು, ಎಂದಿನಂತೆ ಸ್ಪೀಕರ್ ಹಾಕಿ. ದೇವಾನಂದರು ಬಾಯಿ ತುಂಬಾ ನಕ್ಕರು.

“ಗದ್ದೆ ಯಾರಿಗ್ ಬೇಕು ರಾಜೇಶಣ್ಣ? ಬಾಗ್ಲು ಕೈಗೆ ಬಂದ್ರೆ ಎರಡು ವರ್ಷದಲ್ಲಿ ಗದ್ದೆ ತಾನಾಗೇ ಬರ್ತದೆ.”

ನಿನ್ನ ಅಣ್ಣನ ಮುಖ ನೀನು ನೋಡಬೇಕಿತ್ತು. ಮಳ್ಳ ಯಾರೆಂದು ಅವರಿಗೆ ಗೊತ್ತಾಯಿತು. ಮಾರುವುದಿಲ್ಲ ಎಂದು ಅಲ್ಲೇ ಹೇಳಿ ಫೋನಿಟ್ಟರು. ನಾನು ಒಲೆಯ ಮುಂದೆ ನಿಂತು ಒಬ್ಬಳೇ ಕುಣಿದೆ, ನಿಜವಾಗಿ ಕುಣಿದೆ.

ಇನ್ನೂ ಇದೆ. ಈಗ ನಿನ್ನ ಅಣ್ಣನ ತಲೆ ಓಡುತ್ತಿರುವ ವೇಗ ನೋಡಬೇಕು. ಜಿಬೂಟಿಯ ಕಥೆ ನಾನೇ ಹೇಳಿದೆ, ಐದು ದೇಶಗಳಿಂದ ಬಾಡಿಗೆ ಎಂದು. ಹಾಗಾದರೆ ನಾವೇಕೆ ಊರವರಿಂದ ತೆಗೆದುಕೊಳ್ಳಬಾರದು ಎಂದರು. ಬಾಗಿಲಿಗೆ ಸರಪಳಿ, ಬೀಗ ತಂದು ಹಾಕಿದ್ದಾರೆ. ಬೀಗದ ಕೈ ನನ್ನ ಸೊಂಟದಲ್ಲಿದೆ. ನಿನ್ನೆ ತಿಮ್ಮಿ ಅಕ್ಕ ಗದ್ದೆಯ ನೀರು ಬಿಡಿಸಲು ನಮ್ಮ ಮನೆಗೇ ಬಂದು ಕೇಳಬೇಕಾಯಿತು. ಸುಳ್ಳು ಹೇಳುವುದಿಲ್ಲ, ನಾನು ಒಂದು ಗಳಿಗೆ ಗತ್ತಿನಲ್ಲೇ ನಿಂತಿದ್ದೆ. ಹೇಗಿದೆ ನಿನ್ನ ತವರಿನ ಮಹಾಶಕ್ತಿ?

ನಿನ್ನ ವೈನಿ

ಜಿಬೂಟಿ
8 ಆಗಸ್ಟ್ 2025

ಪ್ರೀತಿಯ ವೈನಿ,

ಬುಟ್ಟಿ ಹೊತ್ತು ನಿಂತ ನಿನ್ನನ್ನು ಎಣಿಸಿಕೊಂಡು ಆಫೀಸಿನಲ್ಲೇ ಚಪ್ಪಾಳೆ ತಟ್ಟಿದೆ. ಆಮೇಲೆ ಬೀಗದವರೆಗೆ ಬಂದೆ.

ತಿಮ್ಮಿ ಅಕ್ಕ ನಮ್ಮ ಮನೆಯ ಮೆಟ್ಟಿಲಲ್ಲಿ ನಿಂತು ತನ್ನ ಗದ್ದೆಯ ನೀರಿಗೆ ಅಪ್ಪಣೆ ಕೇಳಬೇಕೇ ವೈನಿ? ಆ ದಂಡೆಗೆ ಅವಳು ಹಾಕಿದಷ್ಟು ಮಣ್ಣು ನಾವು ಹಾಕಿಲ್ಲ. ದೇವಾನಂದ ಎರಡು ವರ್ಷದಲ್ಲಿ ಮಾಡುತ್ತಿದ್ದುದನ್ನು ನೀವಿಬ್ಬರೂ ಎರಡೇ ದಿನದಲ್ಲಿ ಶುರುಮಾಡಿದ್ದೀರಿ. ಬಾಗಿಲಿನ ಪಕ್ಕ ಮನೆ ಇರುವವರೆಲ್ಲ ಹೀಗೇ ಆಗುತ್ತಾರೇನೋ.

ನಿನ್ನೆ ರಾಯಭಾರ ಕಚೇರಿಗೆ ಹೋಗಿದ್ದೆ. ಅಣ್ಣನಿಗೆ ಕೊಟ್ಟ ಅಧಿಕಾರಪತ್ರ ರದ್ದು ಮಾಡಿದೆ. ಆ ತುಂಡಿನಲ್ಲಿ ನನ್ನ ಅರ್ಧವನ್ನು ಗಜನಿಯ ರೈತರ ಸಂಘದ ಹೆಸರಿಗೆ ಬರೆಯಲು ಬೇಕಾದ ಕಾಗದ ಕಳಿಸಿದ್ದೇನೆ. ಇನ್ನು ಊರವರನ್ನು ಕೇಳದೆ ಅದನ್ನು ಯಾರೂ ಮಾರುವಂತಿಲ್ಲ, ಬೀಗ ಹಾಕುವಂತೆಯೂ ಇಲ್ಲ. ಇದು ಯಾರೂ ಹೇಳಿ ಮಾಡಿಸಿದ್ದಲ್ಲ. ಅಣ್ಣನಿಗೂ ನನ್ನ ಹೆಸರಿನಲ್ಲೇ ಬರೆದಿದ್ದೇನೆ.

ಅವನು ಇನ್ನು ಕರೆಯುವುದಿಲ್ಲ, ಗೊತ್ತು. ರಜೆ ವಾಪಸು ಕೊಡುತ್ತೇನೆಂದು ಮ್ಯಾನೇಜರಿಗೆ ಹೇಳಿದೆ. ಸೋಮವಾರದವರೆಗೆ ಯೋಚಿಸು ಎಂದಿದ್ದಾರೆ. ಯೋಚಿಸುವುದಕ್ಕೆ ಏನೂ ಉಳಿದಿಲ್ಲ. ದುಃಖ ಇದೆ, ಆದರೆ ಈ ಸಲ ಅಳು ಬರಲಿಲ್ಲ.

ನಿನ್ನ ದೀಪಾಲಿ

ಅಂಕೋಲೆ
9 ಆಗಸ್ಟ್ 2025

ದೀಪಾಲಿ,

ಸೋಮವಾರದ ಮೊದಲೇ ಇದು ನಿನಗೆ ಮುಟ್ಟಬೇಕೆಂದು ಶನಿವಾರದ ಮಧ್ಯಾಹ್ನ ಸೊಸೈಟಿಯ ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ನಿನ್ನ ಪತ್ರ ಓದಿ ಮೊದಲು ಮಾಡಿದ್ದು ಬೀಗ ತೆಗೆದದ್ದು. ಬೀಗದ ಕೈಯನ್ನು ಹುಲಿಯಾ ಮಾವನಿಗೆ ಕೊಟ್ಟೆ, ಅವನು ಹಲಗೆ ಎತ್ತಿದ. ತಿಮ್ಮಿ ಅಕ್ಕನ ಮನೆಗೂ ಹೋಗಿ ಬಂದೆ. ಅವಳು ಬೈದಳು, ಚಹಾ ಕೊಟ್ಟಳು, ಮತ್ತೆ ಬೈದಳು.

ನಿನ್ನ ಅಣ್ಣನಿಗೆ ನಿನ್ನ ಮೇಲ್ ಬಂದದ್ದು ನಿನ್ನೆ ಸಂಜೆ. ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ ಒಳಗೆ ಬಂದು, “ಚೌತಿಗೆ ಬರೂದ್ ಬ್ಯಾಡ ಹೇಳಿ ಬರೆ ಅವ್ಳಿಗೆ” ಎಂದರು. ನಾನು ಅಕ್ಕಿ ಆರಿಸುತ್ತಿದ್ದೆ. ಮೊರ ಕೆಳಗಿಟ್ಟೆ.

“ನಿಮ್ಮ ತಂಗಿನ್ನ ನೀವು ಕರೀಬೇಡಿ” ಎಂದೆ. “ನನ್ನ ನಾದ್ನಿನ್ನ ನಾ ಕರೀತೆ.”

ಈ ಮನೆಯಲ್ಲಿ ಚೌತಿಯ ಕರೆ ಯಾವತ್ತೂ ಗಂಡಸರ ಹೆಸರಿನಲ್ಲೇ ಹೋಗಿದೆ. ಕಡಬು ಬೇಯಿಸುವವಳು ನಾನು, ಚಕ್ಕುಲಿ ಸುತ್ತುವವಳು ನಾನು, ಹಾಸಿಗೆ ಹಾಸಿ ಕಾಯುವವಳು ನಾನು. ಕರೆಯುವ ಹಕ್ಕೊಂದು ನನ್ನದಲ್ಲ ಎಂದು ಯಾರು ಹೇಳಿದರೋ, ನಾನೇಕೆ ನಂಬಿದೆನೋ ತಿಳಿಯದು. ನಿನ್ನ ತವರು ನಿನ್ನ ಅಣ್ಣನೊಬ್ಬನ ಕೈಯಲ್ಲಿಲ್ಲ. ಅದರ ಅರ್ಧ ನಾನಿದ್ದೇನೆ.

ನಿನ್ನ ಅಣ್ಣ ಉಣ್ಣದೆ ಮಲಗಿದರು. ಇವತ್ತು ಬೆಳಿಗ್ಗೆ ಬಿಣಗಾದ ಬಸ್ಸಿಗೆ ಹೊರಟವರು ಗೇಟಿನವರೆಗೆ ಹೋಗಿ ತಿರುಗಿ ನಿಂತು, ನನ್ನ ಮುಖ ನೋಡದೆ, “ಅವ್ಳು ಇಳಿಯೂದು ಗೋವಾದಲ್ಲಾ?” ಎಂದು ಕೇಳಿದರು. ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಎಂದೆ. ಕಾರಿಗೆ ಹೇಳುವುದಕ್ಕೋ, ಜಗಳಕ್ಕೆ ತಯಾರಾಗುವುದಕ್ಕೋ, ಇನ್ನೂ ತಿಳಿದಿಲ್ಲ.

ಅವರು ಕೇಳಿದರು ಎಂದು ನೀನು ಬರುವುದು ಬೇಡ. ನಾನು ಕರೆಯುತ್ತಿದ್ದೇನೆ. ಅದಕ್ಕೆ ಬಾ.

ಭಾರತಿ